ಚಕ್ರವರ್ತಿ ಸತ್ತ ಸುದ್ದಿ ಹಡಗಿನಲ್ಲಿ ಬರುತ್ತದೆ

1977ರಲ್ಲಿ ಅಮೆರಿಕದ ಗೇಮ್ ಡಿಸೈನರ್ಸ್ ವರ್ಕ್‌ಶಾಪ್ 'ಟ್ರಾವೆಲರ್' ಎಂಬ ಬಾಹ್ಯಾಕಾಶದ ರೋಲ್‌ಪ್ಲೇ ಆಟವನ್ನು, ಅಂದರೆ ಆಡುವವರೇ ಪಾತ್ರಗಳಾಗಿ ಕಥೆ ನಡೆಸುವ ಆಟವನ್ನು, ಹೊರತಂದಿತು. ಡಬ್ಬಿ ತೆರೆದರೆ ಮೂರು ಸಣ್ಣ ಕಪ್ಪು ಪುಸ್ತಕಗಳು. ಮಾರ್ಕ್ ಮಿಲ್ಲರ್ ರೂಪಿಸಿದ ಆಟ ಅದು. ಪಾತ್ರ ಕಟ್ಟುವಾಗಲೇ ದಾಳ ಕೈಕೊಟ್ಟರೆ ಪಾತ್ರ ಸತ್ತೇ ಹೋಗುತ್ತಿತ್ತು, ಕಥೆ ಶುರುವಾಗುವ ಮೊದಲೇ! ಆದರೆ ಮುಂದೆ ಆಟಕ್ಕೆ ಹೆಸರು ತಂದ 'ಥರ್ಡ್ ಇಂಪೀರಿಯಂ' ಎಂಬ ಸಾಮ್ರಾಜ್ಯ ಆ ಮೂರು ಪುಸ್ತಕಗಳಲ್ಲಿ ಇರಲಿಲ್ಲ. ಇದ್ದದ್ದು ಬರೀ ನಿಯಮಗಳು.

ಅವುಗಳಲ್ಲಿ ಒಂದು ನಿಯಮದಿಂದಲೇ ಆ ಸಾಮ್ರಾಜ್ಯ ಹುಟ್ಟಿತು ಅಂತ ನನಗನಿಸುತ್ತದೆ. ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುವ 'ಜಂಪ್'ಗೆ ಸುಮಾರು ಒಂದು ವಾರ ಬೇಕು. ಒಂದು ಪಾರ್ಸೆಕ್ ಹೋದರೂ ಅಷ್ಟೇ, ಆರು ಹೋದರೂ ಅಷ್ಟೇ. ಒಂದು ಪಾರ್ಸೆಕ್ ಅಂದರೆ 3.26 ಜ್ಯೋತಿರ್ವರ್ಷ. ಹಡಗು ಬೆಳಕನ್ನು ಹಿಂದೆ ಹಾಕುತ್ತದೆ, ಆದರೆ ರೇಡಿಯೊ ಸಂದೇಶಕ್ಕೆ ಆ ಭಾಗ್ಯವಿಲ್ಲ. ಹಾಗಾಗಿ ಸುದ್ದಿಯೂ ಹಡಗು ಹತ್ತಲೇಬೇಕು.

ಲೆಕ್ಕ ಹಾಕಿ ನೋಡಿ. ರಾಜಧಾನಿಯಿಂದ 100 ಪಾರ್ಸೆಕ್ ದೂರದಲ್ಲಿ ದಂಗೆ ಎದ್ದಿದೆ ಅಂದುಕೊಳ್ಳೋಣ. ವಾರಕ್ಕೆ ನಾಲ್ಕು ಪಾರ್ಸೆಕ್ ಹಾರಿದರೂ ಸುದ್ದಿ ಮುಟ್ಟಲು 25 ವಾರ, ಅಪ್ಪಣೆ ವಾಪಸ್ ಬರಲು ಮತ್ತೆ 25. ರೇಡಿಯೊದಲ್ಲಿ ಕಳಿಸಿದರೆ ಹೋಗುವುದಕ್ಕೇ 326 ವರ್ಷ! ಅಪ್ಪಣೆಗೆ ಕಾಯುತ್ತಾ ಕೂತರೆ ಗಡಿ ಕೈಬಿಟ್ಟು ಹೋಗುತ್ತದೆ, ಅಲ್ವಾ? ಅದಕ್ಕೇ ಅಲ್ಲಲ್ಲೇ ತೀರ್ಮಾನ ಮಾಡುವ ಡ್ಯೂಕ್‌ಗಳು ಬೇಕಾದರು. ಹಾಯಿಹಡಗಿನ ಕಾಲದ ರಾಜಕೀಯ ನಕ್ಷತ್ರಗಳ ನಡುವೆ ಮತ್ತೆ ಹುಟ್ಟಿತು.

1979ರಲ್ಲಿ 'ಸ್ಪಿನ್‌ವರ್ಡ್ ಮಾರ್ಚಸ್' ಎಂಬ ಗಡಿಪ್ರಾಂತ್ಯದ ಪುಸ್ತಕ ಬಂತು. ಅದರಲ್ಲಿ 439 ಲೋಕಗಳು, ಒಂದೊಂದಕ್ಕೂ ಅಂಕಿ-ಅಕ್ಷರಗಳ ಒಂದೇ ಸಾಲಿನ ವಿವರ. ಈ ಲೋಕಗಳನ್ನು ಹುಟ್ಟಿಸುವ ನಿಯಮ ನನಗೆ ಇಷ್ಟ. ವಾತಾವರಣಕ್ಕೆ ದಾಳ ಹಾಕಿದಾಗ ಗ್ರಹದ ಗಾತ್ರವನ್ನೂ ಅದಕ್ಕೆ ಕೂಡಿಸಬೇಕು. ದೊಡ್ಡ ಗ್ರಹದ ಗುರುತ್ವ ಸಾಮಾನ್ಯವಾಗಿ ಜಾಸ್ತಿ, ಅದು ಅನಿಲವನ್ನು ಬಿಗಿಯಾಗಿ ಹಿಡಿದಿಡುತ್ತದೆ. ನಕ್ಷತ್ರಗಳ ನಕ್ಷೆ ಮಾತ್ರ ಚಪಾತಿಯಂತೆ ಚಪ್ಪಟೆ. ಮೇಜಿನ ಮೇಲೆ ಹರಡಬೇಕಲ್ಲ, ಮಾಫಿ ಮಾಡೋಣ.

ಅದೇ ವರ್ಷ ಶುರುವಾದ ಆಟದ ಪತ್ರಿಕೆ ಸಾಮ್ರಾಜ್ಯದ 'ಸುದ್ದಿ'ಗಳನ್ನು ತಾರೀಖು ಹಾಕಿ ಅಚ್ಚು ಹಾಕತೊಡಗಿತು. ಅಲ್ಲಿನ ಇಸವಿ 1105. ಓದುಗರ ಜೊತೆಗೇ ಸಾಮ್ರಾಜ್ಯಕ್ಕೂ ವಯಸ್ಸಾಗುತ್ತಾ ಹೋಯಿತು.

ಆಮೇಲೆ ಪ್ರಕಾಶಕರೇ ಅದನ್ನು ಒಡೆದರು. 1987ರ 'ಮೆಗಾಟ್ರಾವೆಲರ್'ನಲ್ಲಿ ಚಕ್ರವರ್ತಿ ಸ್ಟ್ರೆಫನ್ ಮೇಲೆ 1116ರಲ್ಲಿ ಗುಂಡು ಹಾರಿತು, ಅಂತರ್ಯುದ್ಧ ಹೊತ್ತಿಕೊಂಡಿತು. ಅದರ ಮುಂದಿನ ಆವೃತ್ತಿಯಲ್ಲಿ 'ವೈರಸ್' ಎಂಬ ಯಂತ್ರಜೀವಿ ಉಳಿದದ್ದನ್ನೂ ನುಂಗಿತು. ಧೈರ್ಯವೇನೋ ಸರಿ. ಆದರೆ ವರ್ಷಗಟ್ಟಲೆ ಆ ಲೋಕದಲ್ಲಿ ಆಡಿದವರ ಕಾಲ ಕೆಳಗಿನ ನೆಲವೇ ಹೋಯಿತು. 1996ರಲ್ಲಿ ಕಂಪನಿ ಬಾಗಿಲು ಹಾಕಿತು.

1998ರಲ್ಲಿ ಸ್ಟೀವ್ ಜಾಕ್ಸನ್ ಗೇಮ್ಸ್ ತನ್ನ ಆವೃತ್ತಿ ತಂದಿತು. ಆ ಕಾಲಧಾರೆಯಲ್ಲಿ ಕೊಲೆ ನಡೆದೇ ಇಲ್ಲ! 2008ರಲ್ಲಿ ಬ್ರಿಟನ್ನಿನ ಮಾಂಗೂಸ್ ಪಬ್ಲಿಷಿಂಗ್ ಗಡಿಯಾರವನ್ನೇ ಹಿಂದಕ್ಕೆ ತಿರುಗಿಸಿ 1105ಕ್ಕೆ ತಂದು ನಿಲ್ಲಿಸಿತು. ಅಲ್ಲಿ ಸ್ಟ್ರೆಫನ್ ಸಿಂಹಾಸನದ ಮೇಲೆ ನೆಮ್ಮದಿಯಾಗಿದ್ದಾನೆ. ಆ ಗುಂಡಿಗೆ ಇನ್ನೂ 11 ವರ್ಷ ಬಾಕಿ.