ಕೊಂಡ ಇ-ಪುಸ್ತಕ ಕಿಂಡಲ್‌ಗೆ ಯಾಕೆ ಬರೋದಿಲ್ಲ?

ಪ್ರಶ್ನೆ: ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಇಪ್ಪತ್ತಮೂರು ಕನ್ನಡ ಪುಸ್ತಕ ಕೊಂಡು ಫೋನಿನಲ್ಲಿ ಓದುತ್ತಿದ್ದೆ. ಕಣ್ಣು ಉರಿಯುತ್ತೆ ಅಂದಿದ್ದಕ್ಕೆ ಮಗಳು ಅಮೆಜಾನಿನ ಇ-ಪುಸ್ತಕ ಓದುವ ಸಾಧನ ಕಿಂಡಲ್ ಕೊಡಿಸಿದ್ದಾಳೆ. ಆ ಪುಸ್ತಕಗಳನ್ನು ಇದಕ್ಕೆ ಹಾಕೋದು ಹೇಗೆ? ದುಡ್ಡು ಕೊಟ್ಟವನು ನಾನೇ, ಆದರೂ ಏನೋ ಬೀಗ ಇರುತ್ತೆ ಅಂತಾರೆ. ಅದನ್ನು ತೆಗೆಯಬಹುದಾ? ತೆಗೆದರೆ ತಪ್ಪಾ?

ಉತ್ತರ: ಮೊದಲು ಇಪ್ಪತ್ತಮೂರರಲ್ಲಿ ಒಂದೇ ಒಂದು ಪುಸ್ತಕ ಆರಿಸಿಕೊಳ್ಳಿ. ಫೋನ್ ಬದಿಗಿಡಿ. ಕಂಪ್ಯೂಟರಿನ ಬ್ರೌಸರಿನಲ್ಲಿ ಪ್ಲೇ ಬುಕ್ಸ್ ತೆರೆದು, ಆ ಪುಸ್ತಕದ ಬಳಿ ಇರುವ ಮೂರು ಚುಕ್ಕಿ ಒತ್ತಿ. ಅಲ್ಲಿ ಎಕ್ಸ್‌ಪೋರ್ಟ್ ಮಾಡುವ ಆಯ್ಕೆ ಇದೆಯಾ ನೋಡಿ. ಒತ್ತಿದ ಕೂಡಲೇ ಇಪಬ್ (ಇ-ಪುಸ್ತಕದ ಒಂದು ಫೈಲ್ ಬಗೆ) ಅಥವಾ ಪಿಡಿಎಫ್ ಫೈಲ್ ಇಳಿದರೆ ನಿಮ್ಮ ಅದೃಷ್ಟ, ಅದಕ್ಕೆ ಬೀಗ, ಅಂದರೆ ಬೇರೆ ಕಡೆ ತೆರೆಯದ ಹಾಗೆ ಹಾಕಿದ ತಡೆ, ಇಲ್ಲ. ಎಸಿಎಸ್‌ಎಂ ಅನ್ನೋ ಬಾಲದ ಪುಟ್ಟ ಫೈಲ್ ಬಂದರೆ ಬೀಗ ಇದೆ. ಆಯ್ಕೆಯೇ ಇಲ್ಲದಿದ್ದರೆ, ಪುಸ್ತಕವನ್ನು ಹೊರಗೆ ಒಯ್ಯೋಕೆ ಪ್ರಕಾಶಕರು ಬಿಟ್ಟಿಲ್ಲ.

ನಿಮ್ಮ ದಾರಿಯಲ್ಲಿ ಇರೋದು ಮೂರು ಅಡ್ಡಿ. ಬೀಗ ಒಂದು, ಫೈಲಿನ ಬಗೆ ಇನ್ನೊಂದು, ಕನ್ನಡ ಲಿಪಿ ಮೂರನೆಯದು. ನಾವು ಮೂರನ್ನೂ ಗಂಟು ಕಟ್ಟಿ ‘ಬೀಗ’ ಅಂದುಬಿಡುತ್ತೇವೆ. ಬೀಗ ಒಡೆದರೆ ಎಲ್ಲ ಸರಿಹೋಗುತ್ತೆ ಅಂದುಕೊಳ್ಳುತ್ತೇವೆ. ಒಡೆದವರೂ ಆಮೇಲೆ ಕಿಂಡಲ್ ತೆರೆದು ತಲೆ ಕೆರೆದುಕೊಂಡಿದ್ದನ್ನು ನೋಡಿದ್ದೇನೆ. ಕನ್ನಡ ಓದುಗರಿಗೆ ಜಾಸ್ತಿ ಕಾಟ ಕೊಡೋದು ಆ ಮೂರನೆಯದೇ.

ಬೀಗದ ಕಥೆ

ಎಸಿಎಸ್‌ಎಂ ಫೈಲ್ ಅಂದರೆ ಪುಸ್ತಕ ಅಲ್ಲ. ದರ್ಶಿನಿ ಹೋಟೆಲಿನಲ್ಲಿ ದುಡ್ಡು ಕೊಟ್ಟಾಗ ಸಿಗೋ ಟೋಕನ್ ಇದೆಯಲ್ಲ, ಅದು. ಟೋಕನ್ ತೋರಿಸಿದರೆ ದೋಸೆ. ಇಲ್ಲಿ ಟೋಕನ್ ತೋರಿಸುವ ಜಾಗ ಅಡೋಬಿಯವರ ಡಿಜಿಟಲ್ ಎಡಿಷನ್ಸ್ ಅನ್ನೋ ಉಚಿತ ತಂತ್ರಾಂಶ. ಅದರಲ್ಲಿ ಅಡೋಬಿ ಐಡಿ ಹಾಕಿ ಆ ಫೈಲ್ ತೆರೆದರೆ ಪುಸ್ತಕ ಇಳಿಯುತ್ತದೆ, ಆದರೆ ಆ ಐಡಿಗೆ ಕಟ್ಟಿಹಾಕಿದ ಪುಸ್ತಕ. ಒಂದು ಐಡಿಯಲ್ಲಿ ಆರು ಸಾಧನಗಳವರೆಗೆ ಓದಬಹುದು. ಅಡೋಬಿ ಬೀಗ ತೆರೆಯಬಲ್ಲ ರೀಡರ್‌ಗಳಿವೆ, ಕೋಬೋ, ಪಾಕೆಟ್‌ಬುಕ್ ಅಂಥವು. ಕಿಂಡಲ್ ತೆರೆಯೋದಿಲ್ಲ. ಅದಕ್ಕೆ ಅಮೆಜಾನಿನ ಬೀಗ ಮಾತ್ರ ಗೊತ್ತು. ಆಪಲ್ ಬುಕ್ಸ್‌ನದು ಮೂರನೆಯ ಬೀಗ, ಅದು ಆಪಲ್ ಸಾಧನ ಬಿಟ್ಟು ಹೊರಗೆ ಬರೋದೇ ಇಲ್ಲ. ಈ ಬೀಗಗಳಿಗೆಲ್ಲ ಸೇರಿ ಡಿಆರ್‌ಎಂ (ಡಿಜಿಟಲ್ ರೈಟ್ಸ್ ಮ್ಯಾನೇಜ್‌ಮೆಂಟ್) ಅಂತ ಹೆಸರು.

ತಿರುಗಾ ಹಾದಿಯೂ ಅಷ್ಟೇ. ಕಿಂಡಲ್ ಅಂಗಡಿಯಲ್ಲಿ ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿ ಯುಎಸ್‌ಬಿ ತಂತಿಯಲ್ಲಿ ಸಾಗಿಸುವ ಸೌಲಭ್ಯ ವರ್ಷಗಟ್ಟಲೆ ಇತ್ತು. 2025ರ ಫೆಬ್ರವರಿ 26ರಿಂದ ಅಮೆಜಾನ್ ಅದನ್ನು ತೆಗೆದುಹಾಕಿತು. ‘ನನ್ನ ಪುಸ್ತಕದ ಒಂದು ಪ್ರತಿ ನನ್ನ ಹತ್ತಿರ ಇರಲಿ’ ಅಂತ ಇಳಿಸಿಟ್ಟುಕೊಳ್ಳುತ್ತಿದ್ದವರಿಗೆ ಇದು ದೊಡ್ಡ ಪೆಟ್ಟು.

‘ದುಡ್ಡು ಕೊಟ್ಟವನು ನಾನೇ’ ಅಂದಿರಿ. ನಿಜ. ಆದರೆ ಏನಕ್ಕೆ ಕೊಟ್ಟಿರಿ ಅನ್ನೋದರಲ್ಲಿ ಕಿತಾಪತಿ ಇದೆ. ನಮ್ಮಲ್ಲಿ ಮನೆ ಭೋಗ್ಯಕ್ಕೆ ಹಾಕಿಕೊಳ್ಳುತ್ತಾರಲ್ಲ, ಹಾಗೆ ಇದು. ಒಟ್ಟಿಗೆ ದುಡ್ಡು ಕೊಡ್ತೀರಿ, ಒಳಗೆ ವಾಸ ಮಾಡ್ತೀರಿ, ಮಾರೋ ಹಾಗಿಲ್ಲ, ಗೋಡೆ ಒಡೆಯೋ ಹಾಗಿಲ್ಲ. ಭೋಗ್ಯದಲ್ಲಾದರೂ ಮನೆ ಬಿಡುವಾಗ ದುಡ್ಡು ವಾಪಸ್ ಬರುತ್ತೆ. ಇಲ್ಲಿ ಬಂದರೆ ಪುಣ್ಯ. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ, ಕೊಂಡಿದ್ದ ಪುಸ್ತಕಗಳು ಓದುಗರ ಕೈಯಿಂದ ಮಾಯವಾದವು. ಅವರು ದುಡ್ಡು ಹಿಂದಿರುಗಿಸಿದರು ಅನ್ನೋದನ್ನೂ ಹೇಳಬೇಕು. ಇನ್ನೂ ಹಿಂದೆ, 2009ರ ಜುಲೈಯಲ್ಲಿ, ಹಕ್ಕಿಲ್ಲದವರು ಮಾರಿದ್ದ ಪ್ರತಿಗಳು ಅಂತ ಹೇಳಿ ಅಮೆಜಾನ್ ಅಮೆರಿಕದ ಗಿರಾಕಿಗಳ ಕಿಂಡಲ್‌ನೊಳಗೆ ದೂರದಿಂದಲೇ ಕೈ ಹಾಕಿ ಪುಸ್ತಕ ಅಳಿಸಿತು. ಆಗಲೂ ದುಡ್ಡು ವಾಪಸ್ ಕೊಟ್ಟರು. ಅಳಿಸಿದ್ದು ಜಾರ್ಜ್ ಆರ್ವೆಲ್‌ನ ‘1984’! ಕಾಗದ ಸುಟ್ಟು ಚರಿತ್ರೆ ತಿದ್ದುವ ಸರ್ಕಾರದ ಕಥೆ ಅದು. ಇಂಥ ಕಾಕತಾಳೀಯ ಕಥೆಗಾರರಿಗೂ ಹೊಳೆಯಲಿಕ್ಕಿಲ್ಲ. ಈಗ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಒಂದು ಕಾನೂನು ಇದೆ. ಡಿಜಿಟಲ್ ಸರಕಿಗೆ ‘ಕೊಳ್ಳಿ’ ಅನ್ನೋ ಗುಂಡಿ ಇಟ್ಟು, ನಿಜವಾಗಿ ಪರವಾನಗಿಯಷ್ಟೇ ಕೊಡೋದಾದರೆ, ಅದನ್ನು ಗಿರಾಕಿಗೆ ಬಿಡಿಸಿ ಹೇಳಬೇಕು.

ಬೀಗ ತೆಗೆದರೆ ತಪ್ಪಾ ಅಂತ ಕೇಳಿದಿರಿ. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ 65ಎ ಅನ್ನೋ ಕಲಂ ಸೇರಿತು. ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು, ದಂಡ. ಇಲ್ಲಿ ‘ಉದ್ದೇಶದಿಂದ’ ಅನ್ನೋ ಮಾತೇ ಮುಖ್ಯ. ಕಾಯ್ದೆ ನಿಷೇಧಿಸದ ಕೆಲಸಕ್ಕಾಗಿ ಮಾಡಿದರೆ ಈ ಕಲಂ ಅಡ್ಡ ಬರೋದಿಲ್ಲ ಅಂತ ಅದೇ ಕಲಂನಲ್ಲಿ ಹೇಳಿದೆ. ಸ್ವಂತ ಬಳಕೆಯ ನ್ಯಾಯವಾದ ಉಪಯೋಗಕ್ಕೆ 52ನೇ ಕಲಂನಲ್ಲಿ ಜಾಗ ಇದೆ. ಕಣ್ಣು ಕಾಣದವರಿಗೆ, ಬೇರೆ ಅಂಗವೈಕಲ್ಯ ಇರುವವರಿಗೆ ಓದಲು ಆಗುವ ರೂಪಕ್ಕೆ ಬದಲಿಸೋದಕ್ಕೂ ಅಲ್ಲೇ ಅವಕಾಶ ಕೊಟ್ಟಿದ್ದಾರೆ. ಅಮೆರಿಕದ 1998ರ ಕಾನೂನು ಇದಕ್ಕಿಂತ ಬಿಗಿ. ಅಲ್ಲಿ ಸಾಮಾನ್ಯವಾಗಿ ಬೀಗ ಮುರಿಯೋದೇ ತಪ್ಪು, ಆಮೇಲೆ ಏನು ಮಾಡಿದಿರಿ ಅನ್ನೋದು ಬೇರೆ ಮಾತು. ಹಾಗಾಗಿ ಅಮೆರಿಕದ ಸಿಯಾಟಲ್‌ನಲ್ಲಿರುವ ಮಗ ಸೊಸೆ ‘ಅಪ್ಪಾ, ನಾವು ಇಲ್ಲಿ ಮಾಡಿದ ಹಾಗೆ ನೀವೂ ಮಾಡಿ’ ಅಂದರೆ, ಆ ಸಲಹೆ ಎರಡೂ ಕಡೆ ಒಂದೇ ಆಗೋದಿಲ್ಲ.

ಕಾನೂನು ಒಂದು ಕಡೆ, ನೀವು ಓದದೆ ‘ಒಪ್ಪಿದೆ’ ಒತ್ತಿದ ಕರಾರು ಇನ್ನೊಂದು ಕಡೆ. ಬೀಗ ಮುರಿಯೋದನ್ನು ಆ ಕರಾರು ಬೇಡ ಅನ್ನುತ್ತದೆ. ಬೀಗ ಒಡೆಯುವ ಸಲಕರಣೆಗಳು ಇವೆ, ಹುಡುಕಿದವರಿಗೆ ಸಿಗುತ್ತವೆ. ನಾನು ಇಲ್ಲಿ ಅದರ ಪಾಕವಿಧಾನ ಬರೆಯುತ್ತಿಲ್ಲ. ಕಾರಣ ಬರೀ ಭಯ ಅಲ್ಲ. ಸಾವಿರ ಪ್ರತಿ ಮಾರಾಟ ಆದರೆ ಹಬ್ಬ ಅನ್ನೋ ಕನ್ನಡ ಪ್ರಕಾಶನದಲ್ಲಿ, ಬೀಗ ಬಿಚ್ಚಿದ ಒಂದು ಫೈಲ್ ಟೆಲಿಗ್ರಾಂ ಗುಂಪಿಗೆ ಬಿದ್ದರೆ ಆ ಪುಸ್ತಕದ ಕಥೆ ಮುಗಿದಂತೆ. ನೀವು ಹಂಚದಿದ್ದರೂ ನಿಮ್ಮಿಂದ ಪಡೆದ ಭಾವಮೈದ ಹಂಚುತ್ತಾನೆ.

ಫೈಲಿನ ಬಗೆ

ಇದು ಸುಲಭದ ಭಾಗ. ಬೀಗವಿಲ್ಲದ ಇಪಬ್ ಅಂದರೆ ಒಂದು ಜಿಪ್ ಗಂಟು, ಒಳಗೆ ವೆಬ್ ಪುಟಗಳಂಥ ಫೈಲ್‌ಗಳು. ಹೆಸರಿನ ಬಾಲ ಜಿಪ್ ಅಂತ ಬದಲಿಸಿ ಬಿಚ್ಚಿದರೆ ನೀವೇ ನೋಡಬಹುದು. ಕಿಂಡಲ್ ಮೊದಲು ಮೊಬಿ ಅನ್ನೋ ಬಗೆಯನ್ನು ನೆಚ್ಚಿಕೊಂಡಿತ್ತು. 2022ರಿಂದ, ನಮ್ಮ ಫೈಲನ್ನು ಕಿಂಡಲ್‌ಗೆ ಕಳಿಸುವ ಅಮೆಜಾನಿನ ‘ಸೆಂಡ್ ಟು ಕಿಂಡಲ್’ ಸೇವೆ ಇಪಬ್ ಅನ್ನೂ ತೆಗೆದುಕೊಳ್ಳುತ್ತದೆ, ಒಳಗೇ ಬದಲಿಸಿಕೊಳ್ಳುತ್ತದೆ. ಬೀಗ ಇರುವ ಇಪಬ್ ಕಳಿಸಿದರೆ ವಾಪಸ್.

ಕೈಯಾರೆ ಬದಲಿಸಬೇಕು ಅಂದರೆ ಕ್ಯಾಲಿಬರ್ ಅನ್ನೋ ತಂತ್ರಾಂಶ ಇದೆ. ಮುಂಬೈಯಲ್ಲಿ ಹುಟ್ಟಿದ ಕೋವಿದ್ ಗೋಯಲ್ ಅವರು 2006ರಲ್ಲಿ ಇದನ್ನು ಶುರು ಮಾಡಿದರು. ಅವರು ಕೊಂಡ ಸೋನಿ ರೀಡರ್ ಅವರ ಲಿನಕ್ಸ್ ಕಂಪ್ಯೂಟರಿನ ಜೊತೆ ಮಾತಾಡುತ್ತಿರಲಿಲ್ಲ ಅನ್ನೋದೇ ಕಾರಣ. ನಿಮ್ಮ ಸಮಸ್ಯೆಯ ಅಣ್ಣನೇ! ಇವತ್ತಿಗೂ ಉಚಿತ. ಕ್ಯಾಲಿಬರ್ ತಾನಾಗಿ ಬೀಗ ತೆಗೆಯೋದಿಲ್ಲ, ಬೀಗ ಇದ್ದರೆ ‘ಆಗಲ್ಲ’ ಅಂತ ನಿಂತುಬಿಡುತ್ತದೆ.

ಲಿಪಿಯ ಪಜೀತಿ

2016ರ ಡಿಸೆಂಬರಿನಲ್ಲಿ ಅಮೆಜಾನ್ ಕಿಂಡಲ್‌ಗೆ ಭಾರತದ ಭಾಷೆಗಳ ಪುಸ್ತಕ ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು. ಕನ್ನಡ ಇರಲಿಲ್ಲ. ಕನ್ನಡದ ಇ-ಪುಸ್ತಕ ಪ್ಲೇ ಬುಕ್ಸ್ ಕಡೆ, ಮೈಲ್ಯಾಂಗ್‌ನಂಥ ನಮ್ಮದೇ ಆಪ್‌ಗಳ ಕಡೆ ಹೋಗಿದ್ದಕ್ಕೆ ಇದೂ ಒಂದು ಕಾರಣ. ನಿಮ್ಮ ಇಪ್ಪತ್ತಮೂರು ಪುಸ್ತಕ ಅಲ್ಲಿರೋದು ನಿಮ್ಮ ತಪ್ಪಲ್ಲ.

ಕನ್ನಡವನ್ನು ಪರದೆ ಮೇಲೆ ತೋರಿಸೋಕೆ ಫಾಂಟ್ ಒಂದೇ ಸಾಲದು. ‘ಲಕ್ಷ್ಮೀ’ಯಲ್ಲಿನ ‘ಕ್ಷ್ಮೀ’ ನಮಗೆ ಒಂದೇ ಅಕ್ಷರ. ಕಂಪ್ಯೂಟರಿಗೆ ಅದು ಆರು ತುಂಡು: ಕ, ಅರ್ಧಚಿಹ್ನೆ (ಸ್ವರ ತೆಗೆಯುವ ಗುರುತು), ಷ, ಮತ್ತೆ ಅರ್ಧಚಿಹ್ನೆ, ಮ, ದೀರ್ಘದ ಗುರುತು. ಈ ಆರನ್ನೂ ಹೆಣೆದು ಒಂದು ಆಕಾರ ಮಾಡುವ ಜಾಣತನ ಸಾಧನದೊಳಗೆ ಇರಬೇಕು. ಫಾಂಟ್ ಇಲ್ಲದಿದ್ದರೆ ಚೌಕ ಚೌಕ ಡಬ್ಬಿ ಕಾಣುತ್ತವೆ. ಫಾಂಟ್ ಇದ್ದು ಹೆಣಿಗೆ ಇಲ್ಲದಿದ್ದರೆ ಒತ್ತಕ್ಷರ ಕೆಳಗೆ ಕೂರದೆ ಪಕ್ಕದಲ್ಲಿ ನಿಂತುಕೊಳ್ಳುತ್ತದೆ, ಮದುವೆ ಫೋಟೋದಲ್ಲಿ ಜಾಗ ಸಿಗದ ಚಿಕ್ಕಪ್ಪನ ಹಾಗೆ. ಈಚಿನ ವರ್ಷಗಳ ಕಿಂಡಲ್‌ಗಳಲ್ಲಿ ‘ಫಾಂಟ್ಸ್’ ಅನ್ನೋ ಫೋಲ್ಡರ್ ಇರುತ್ತದೆ, ನಮ್ಮ ಫಾಂಟ್ ಹಾಕಬಹುದು. ನೋಟೋ ಸೆರಿಫ್ ಕನ್ನಡ, ಗುಬ್ಬಿ, ನವಿಲು ಎಲ್ಲ ಉಚಿತ. ಹಾಕಿ ಒಂದೆರಡು ಪುಟ ನೋಡಿ. ‘ರಾಷ್ಟ್ರ’, ‘ಕರ್ತವ್ಯ’, ‘ಲಕ್ಷ್ಮೀ’ ಈ ಮೂರು ಪದ ನೆಟ್ಟಗೆ ಕಂಡರೆ ಪುಸ್ತಕ ಪಾಸ್. ಅರ್ಕಾವೊತ್ತು ಎಡವಿದರೆ ಆ ಸಾಧನವನ್ನು ನಂಬಬೇಡಿ.

ಬೀಳುವ ಇನ್ನೊಂದು ಹಳ್ಳ ಪಿಡಿಎಫ್. ನಮ್ಮ ಎಷ್ಟೋ ಪುಸ್ತಕಗಳ ಪುಟವಿನ್ಯಾಸ ಯೂನಿಕೋಡ್ (ಎಲ್ಲ ಸಾಧನಗಳೂ ಒಪ್ಪಿದ ಅಕ್ಷರ ಸಂಕೇತ) ಅಲ್ಲದ ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟ್‌ಗಳಲ್ಲಿ ಆಗಿದೆ. ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಇಟ್ಟಿರುತ್ತವೆ. ಪಿಡಿಎಫ್ ಆಗಿರುವಾಗ ಚೆಂದ ಕಾಣುತ್ತದೆ, ಯಾಕೆಂದರೆ ಫಾಂಟ್ ಒಳಗೇ ಇದೆ. ಅದನ್ನು ಇಪಬ್ ಮಾಡಿದರೆ ಮುಖವಾಡ ಕಳಚಿತು. ನಮ್ಮ ಊರಿನ ಜಾತ್ರೆಯ ಒಂದು ಸ್ಮರಣ ಸಂಚಿಕೆಯನ್ನು ಒಂದು ಭಾನುವಾರ ಕೂತು ಹೀಗೆ ಬದಲಿಸಿದೆ. ಫಲಿತಾಂಶ ಜ್ವರ ಬಂದ ಫ್ರೆಂಚಿನ ಹಾಗಿತ್ತು, ಅಕ್ಷರಗಳ ನೆತ್ತಿಯ ಮೇಲೆಲ್ಲ ಚುಕ್ಕಿ, ಗೀಟು, ಟೋಪಿ. ಬೀಗದ ಕೆಲಸ ಅಂತ ಅರ್ಧ ದಿನ ಬೈದುಕೊಂಡೆ. ಅಲ್ಲಿ ಬೀಗವೇ ಇರಲಿಲ್ಲ.

ಇಂಥ ಪಠ್ಯವನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಸ್ಕ್ಯಾನ್ ಮಾಡಿದ ಪುಟವಾದರೆ ಗೂಗಲ್ ಡ್ರೈವ್‌ನಲ್ಲಿ ಹಾಕಿ ಡಾಕ್ಸ್‌ನಲ್ಲಿ ತೆರೆದರೆ ಅದು ಕನ್ನಡ ಗುರುತಿಸಿ ಪಠ್ಯ ಕೊಡುತ್ತದೆ. ಎರಡರಲ್ಲೂ ತಿದ್ದುವ ಕೆಲಸ ತಪ್ಪಿದ್ದಲ್ಲ. ಬರೀ ಓದೋಕೆ ಅಷ್ಟೆಲ್ಲ ಯಾಕೆ? ಕೆ2ಪಿಡಿಎಫ್‌ಆಪ್ಟ್ ಅನ್ನೋ ಉಚಿತ ಸಲಕರಣೆ ನೋಡಿ. ಅದು ಅಕ್ಷರ ಓದೋಕೆ ಹೋಗೋದೇ ಇಲ್ಲ. ಪುಟವನ್ನು ಚಿತ್ರ ಅಂದುಕೊಂಡು, ಪದ ಪದವಾಗಿ ಕತ್ತರಿಸಿ, ಸಣ್ಣ ಪರದೆಗೆ ಹೊಂದುವ ಹಾಗೆ ಮತ್ತೆ ಜೋಡಿಸುತ್ತದೆ. ಹಾಗಾಗಿ ಯಾವ ಫಾಂಟ್ ಆದರೂ ಅದಕ್ಕೆ ಒಂದೇ. ನಮ್ಮ ಡೆಮಿ 1/8 ಅಳತೆಯ ಪುಟವನ್ನು ಆರು ಇಂಚಿನ ಪರದೆಗೆ ತುರುಕಿದರೆ ಅಕ್ಷರ ಇರುವೆ ಸಾಲಿನ ಹಾಗೆ ಕಾಣುತ್ತದೆ. ಇದರಿಂದ ಹಾದುಬಂದರೆ ಆರಾಮಾಗಿ ಓದಬಹುದು. ಪಿಡಿಎಫ್‌ಗೆ ಬೀಗ ಇರಬಾರದು, ಅಷ್ಟೇ. ಇಷ್ಟೂ ಬೇಡ ಅಂದರೆ ಕಿಂಡಲ್ ಅನ್ನು ಅಡ್ಡ ತಿರುಗಿಸಿ ಅರ್ಧರ್ಧ ಪುಟ ಓದಿ.

ಹಾಗಾದರೆ ನೀವೇನು ಮಾಡಬೇಕು

ಬೀಗ ಇಲ್ಲದ್ದು ಎಷ್ಟಿವೆ ಅಂತ ಎಣಿಸಿ, ಅವನ್ನು ‘ಸೆಂಡ್ ಟು ಕಿಂಡಲ್’ ಮೂಲಕ ಕಳಿಸಿ. ಬೀಗ ಇದ್ದದ್ದನ್ನು ಕಿಂಡಲ್‌ಗೆ ತರುವ ನೇರ ದಾರಿ ಇಲ್ಲ. ಅಂಥ ಪುಸ್ತಕದ ಪ್ರಕಾಶಕರಿಗೆ ಒಂದು ಸಾಲು ಬರೆದು, ಕೊಂಡ ರಸೀದಿ ಕಳಿಸಿ, ಬೀಗವಿಲ್ಲದ ಪ್ರತಿ ಕೇಳಿ. ಕನ್ನಡ ಪ್ರಕಾಶಕರು ದೊಡ್ಡ ಕಂಪನಿಗಳಲ್ಲ, ಫೋನ್ ಎತ್ತೋರು ಹಲವು ಸಲ ಪುಸ್ತಕ ಅಚ್ಚು ಹಾಕಿಸಿದವರೇ ಆಗಿರುತ್ತಾರೆ. ಕೇಳಿದರೆ ಹೋಗೋದೇನಿಲ್ಲ.

ಮಗಳು ಕೊಡಿಸಿದ್ದನ್ನು ಬದಲಿಸಿಕೊಳ್ಳುವ ಅವಕಾಶ ಇನ್ನೂ ಇದ್ದರೆ, ಸಂಕೋಚ ಬಿಟ್ಟು ಬದಲಿಸಿ. ಕಾಗದದಂಥ ಇ-ಇಂಕ್ ಪರದೆಯೇ ಇರುವ, ಆದರೆ ಆಂಡ್ರಾಯ್ಡ್‌ನಲ್ಲಿ ನಡೆಯುವ ರೀಡರ್‌ಗಳಿವೆ, ಆನಿಕ್ಸ್ ಬೂಕ್ಸ್ ಅಂಥವು. ಅದರಲ್ಲಿ ಪ್ಲೇ ಬುಕ್ಸ್ ಆಪ್ ಹಾಕಿಕೊಂಡರೆ ಇಪ್ಪತ್ತಮೂರೂ ಇದ್ದ ಹಾಗೇ ಬರುತ್ತವೆ, ಮೈಲ್ಯಾಂಗ್ ಪುಸ್ತಕಗಳೂ ಬರುತ್ತವೆ, ಕಿಂಡಲ್ ಆಪ್ ಕೂಡ. ಬೆಲೆ ಜಾಸ್ತಿ, ಬ್ಯಾಟರಿ ಕಿಂಡಲ್‌ನಷ್ಟು ಬಾಳೋದಿಲ್ಲ. ಆದರೂ ಕನ್ನಡ ಓದೋರಿಗೆ ನಾನು ಹೇಳೋದು ಇದನ್ನೇ.

ಕಿಂಡಲ್ಲೇ ಉಳಿದರೆ ಅದು ಸುಮ್ನೆ ಮೂಲೆಗೆ ಬೀಳಬೇಕಾಗಿಲ್ಲ. ಕನ್ನಡ ವಿಕಿಸೋರ್ಸ್‌ನಲ್ಲಿ ಪುಸ್ತಕಗಳನ್ನು ಇಪಬ್ ಆಗಿಯೇ ಇಳಿಸಬಹುದು. ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಬಿ.ಎಂ.ಶ್ರೀ ತೀರಿಕೊಂಡಿದ್ದು 1946ರಲ್ಲಿ, ಅಂದರೆ ಅವರು ಬರೆದದ್ದು 2007ರಿಂದ ಎಲ್ಲರದ್ದು. ಡಿವಿಜಿಗೆ 2036ರವರೆಗೆ ಕಾಯಬೇಕು.

ಮುಂದಿನ ಸಲ ಕೊಳ್ಳುವಾಗ ಪುಸ್ತಕದ ವಿವರದ ಕೊನೆಯವರೆಗೆ ಇಳಿದು ನೋಡಿ. ಡಿಆರ್‌ಎಂ ಇದೆಯೋ ಇಲ್ಲವೋ ಅಂತ ಕೆಲವು ಪುಸ್ತಕಗಳಿಗೆ ಅಲ್ಲೇ ಬರೆದಿರುತ್ತದೆ. ಪ್ಲೇ ಬುಕ್ಸ್‌ನಲ್ಲಾದರೆ ‘ಫ್ಲೋಯಿಂಗ್ ಟೆಕ್ಸ್ಟ್’ ಅಂತಲೂ ಇದೆಯಾ ನೋಡಿ. ಬರೀ ‘ಒರಿಜಿನಲ್ ಪೇಜಸ್’ ಅಂತಿದ್ದರೆ ಅಕ್ಷರ ದೊಡ್ಡದು ಮಾಡಿ ಓದೋಕೆ ಆಗೋದಿಲ್ಲ. ಉರಿಯೋ ಕಣ್ಣಿಗೆ ಬೀಗಕ್ಕಿಂತ ಅದೇ ಜಾಸ್ತಿ ಸಂಕಟ.