ಮರಳಿನಡಿಯ ಸದ್ದು: ಮೆಟಲ್ ಡಿಟೆಕ್ಟರ್‌ಗೆ ಯಾವ ಟೋನ್ ಇಡಬೇಕು?

ಪಣಂಬೂರಿನಲ್ಲೋ ಮಲ್ಪೆಯಲ್ಲೋ ನೀರಿಗಿಳಿದವರ ಉಂಗುರ ಜಾರಿತು ಅನ್ನಿ. ಎರಡು ಅಲೆ ಬಂದು ಹೋಗುವಷ್ಟರಲ್ಲಿ ಅದು ಮರಳಿನೊಳಗೆ. ಆಗ ನೆನಪಾಗುವುದು ಮೆಟಲ್ ಡಿಟೆಕ್ಟರ್. ಯಂತ್ರ ಕೈಗೆ ಬಂದ ಕೂಡಲೇ ಹೆಚ್ಚಿನವರ ಕಣ್ಣು ಪರದೆಯ ಅಂಕಿಗಳ ಮೇಲೆ ನೆಡುತ್ತದೆ. ನನ್ನನ್ನು ಕೇಳಿದರೆ ಮೊದಲು ಸರಿ ಮಾಡಿಕೊಳ್ಳಬೇಕಾದದ್ದು ಸದ್ದು.

ಈ ಯಂತ್ರದ ಹುಟ್ಟಿನಲ್ಲೇ ಕಿವಿಯ ಕೆಲಸವಿತ್ತು. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಅವರ ಮೈಯೊಳಗಿದ್ದ ಗುಂಡನ್ನು ಹುಡುಕಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ತಂತಿಯ ಸುರುಳಿಗಳಿಗೆ ಟೆಲಿಫೋನ್ ರಿಸೀವರ್ ಜೋಡಿಸಿ ಕಿವಿಗೊಟ್ಟು ಕೇಳಿದ್ದರು. ಗುಂಡು ಸಿಗಲಿಲ್ಲ. ಹಾಸಿಗೆಯ ಉಕ್ಕಿನ ಸ್ಪ್ರಿಂಗ್‌ಗಳೂ ಅಡ್ಡ ಬಂದವು.

ಕೆಲಸ ನಡೆಯುವ ರೀತಿ ಈಗಲೂ ಹೆಚ್ಚೂಕಡಿಮೆ ಅದೇ. ಒಂದು ಸುರುಳಿ ಬದಲಾಗುತ್ತಲೇ ಇರುವ ಕಾಂತಕ್ಷೇತ್ರವನ್ನು ಮರಳಿಗೆ ಇಳಿಸುತ್ತದೆ. ಅಲ್ಲಿರುವ ಲೋಹದಲ್ಲಿ ಪುಟ್ಟ ಸುಳಿ ಪ್ರವಾಹಗಳು ಏಳುತ್ತವೆ. ಅವುಗಳ ಕಾಂತಕ್ಷೇತ್ರವನ್ನು ಇನ್ನೊಂದು ಸುರುಳಿ ಹಿಡಿಯುತ್ತದೆ. ಈ ಮರುದನಿ ಎಷ್ಟು ತಡವಾಗಿ ಬಂತು ಎಂಬುದರಲ್ಲೇ ಲೋಹದ ಸುಳಿವಿದೆ. ದಪ್ಪ ಬೆಳ್ಳಿ, ತಾಮ್ರವಾದರೆ ತಡ ಜಾಸ್ತಿ, ತೆಳು ಫಾಯಿಲ್ ಆದರೆ ಕಡಿಮೆ. ಅದನ್ನೇ ಯಂತ್ರ ಶ್ರುತಿಯಾಗಿ ಬದಲಿಸುತ್ತದೆ. ಸಾಮಾನ್ಯವಾಗಿ ಕಬ್ಬಿಣಕ್ಕೆ ತಗ್ಗು ಟೋನ್, ಫಾಯಿಲ್ ಮತ್ತು ಸಣ್ಣ ಚಿನ್ನಕ್ಕೆ ನಡುವಿನದು, ಬೆಳ್ಳಿ–ತಾಮ್ರಕ್ಕೆ ಏರು ಟೋನ್.

ಹಾಗಾಗಿ ಟೋನ್ ಲೋಹದ ಹೆಸರು ಹೇಳುವುದಿಲ್ಲ. ತೆಳುವಾದ ಚಿನ್ನದುಂಗುರ ಮತ್ತು ಚಾಕೊಲೇಟಿನ ಫಾಯಿಲ್ ಒಂದೇ ದನಿ ಕೊಡಬಹುದು. ಕರಿಮಣಿ ಸರ ಇನ್ನೂ ಕಷ್ಟ. ಸರ ಎಷ್ಟೇ ಉದ್ದವಿರಲಿ, ಯಂತ್ರಕ್ಕೆ ಕಾಣುವುದು ಒಂದೊಂದು ಸಣ್ಣ ಕೊಂಡಿ ಮಾತ್ರ. ಸಾಲದ್ದಕ್ಕೆ ಉಪ್ಪುನೀರಲ್ಲಿ ನೆಂದ ಮರಳೂ ವಿದ್ಯುತ್ ಹರಿಸುತ್ತದೆ, ಅದರ ಮರುದನಿಯೂ ಈ ಫಾಯಿಲ್–ಸಣ್ಣ ಚಿನ್ನದ ಸಾಲಿಗೇ ಬಂದು ಬೀಳುತ್ತದೆ. ಫಾಯಿಲ್ ಕಿರಿಕಿರಿ ಅಂತ ಆ ಸಾಲನ್ನು ಮುಚ್ಚಿಸಿದರೆ ಚಿನ್ನವನ್ನೂ ಮುಚ್ಚಿಸಿದಂತೆ.

ಕಬ್ಬಿಣದ ದನಿಯನ್ನು ಪೂರ್ತಿ ಬಂದ್ ಮಾಡಿಬಿಡಿ ಎಂದು ಕೆಲವರು ಸಲಹೆ ಕೊಡುತ್ತಾರೆ. ನಾನು ಒಪ್ಪುವುದಿಲ್ಲ. ಮನೆಯಲ್ಲಿ 1 ರೂಪಾಯಿ ನಾಣ್ಯಕ್ಕೆ ಅಯಸ್ಕಾಂತ ಹಿಡಿದು ನೋಡಿ, ಅಂಟಿಕೊಳ್ಳುತ್ತದೆ. ಅದು ಅಂಥ ಸ್ಟೀಲ್. ಅಮೆರಿಕದ ನಾಣ್ಯಗಳಿಗೆ ಹೊಂದಿಸಿದ ಯಂತ್ರ ಇದನ್ನು ಕಸವೆಂದು ಬದಿಗೆ ಸರಿಸಬಹುದು. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ದೋಣಿ ಎಳೆಯುವ ಜಾಗದಲ್ಲಿ ಮೊಳೆಗಳು ಬಿದ್ದಿರುತ್ತವೆ ಅಲ್ವಾ? ಮೊಳೆಯ ಪಕ್ಕದಲ್ಲೇ ಉಂಗುರವಿದ್ದರೆ, ಮೌನವಾಗಿರಲು ಹೇಳಿದ ಯಂತ್ರ ಎರಡನ್ನೂ ನುಂಗಿಬಿಡಬಹುದು. ಕಬ್ಬಿಣವನ್ನು ತಗ್ಗು ದನಿಯಲ್ಲಿ, ಸಣ್ಣ ವಾಲ್ಯೂಮ್‌ನಲ್ಲಿ ಉಳಿಸಿಕೊಂಡರೆ ‘ಗುರ್’ ಎಂಬುದರ ಅಂಚಿನಲ್ಲಿ ಒಂದು ಚೂರು ‘ಟಿಣ್’ ಕೇಳುತ್ತದೆ. ಆ ಚೂರೇ ಬೇಕಾದದ್ದು.

ಸೋಡಾ ಬಾಟಲಿಯ ಮುಚ್ಚಳ ಮಾತ್ರ ಮಹಾ ಮೋಸ. ಚಪ್ಪಟೆ ಉಕ್ಕಾದ್ದರಿಂದ ಏರು ಟೋನ್ ಕೊಟ್ಟು ಆಸೆ ಹುಟ್ಟಿಸುತ್ತದೆ. ಕಾಯಿಲ್ ಅನ್ನು, ಅಂದರೆ ಸುರುಳಿಗಳಿರುವ ತಟ್ಟೆಯನ್ನು, ಮೆಲ್ಲಗೆ ಪಕ್ಕಕ್ಕೆ ಜಾರಿಸಿ, ಅದರ ಅಂಚಷ್ಟೇ ಮುಚ್ಚಳದ ಮೇಲಿರಲಿ. ದನಿ ಒಡೆದು ‘ಗುರ್’ಗೆ ಇಳಿದರೆ ಬಹುಪಾಲು ಮುಚ್ಚಳವೇ. ಕಬ್ಬಿಣದ ದನಿ ಬಂದ್ ಮಾಡಿದವರಿಗೆ ಈ ಸುಳಿವೂ ಸಿಗುವುದಿಲ್ಲ.

ಎಷ್ಟು ಟೋನ್ ಇರಬೇಕು? ಹೊಸಬರಿಗೆ ಮೂರು ಸಾಕು. ಚೆಂಡೆ ಯಾವುದು, ಮದ್ದಳೆ ಯಾವುದು ಎಂದು ಯಕ್ಷಗಾನದ ಬಯಲಿನಲ್ಲಿ ದೂರದಿಂದಲೇ ಗೊತ್ತಾಗುವಂತೆ, ಮೂರೂ ದನಿಗಳ ನಡುವೆ ಸ್ಪಷ್ಟ ಅಂತರವಿರಲಿ. ಕಿವಿ ಪಳಗಿದ ಮೇಲೆ ಹೆಚ್ಚಿಸಿಕೊಳ್ಳಬಹುದು.

ಶ್ರುತಿಯ ಎತ್ತರ ನಿಮ್ಮ ಕಿವಿಗೆ ಬಿಟ್ಟದ್ದು. ವಯಸ್ಸಾದಂತೆ ಮೊದಲು ಕೈಕೊಡುವುದು ಏರು ದನಿಗಳು. ತೀರಾ ತಗ್ಗಿನವು ಅಲೆಗಳ ಮೊರೆತದಲ್ಲಿ ಮುಳುಗುತ್ತವೆ. ಒಳ್ಳೆಯ ಲೋಹದ ಟೋನ್ 500ರಿಂದ 800 ಹರ್ಟ್ಸ್ ಆಸುಪಾಸಿನಲ್ಲಿದ್ದರೆ ಹೆಚ್ಚಿನವರಿಗೆ ಹಿತ. ಮಧ್ಯಾಹ್ನ ಕಡಲಗಾಳಿ ಎದ್ದ ಮೇಲೆ ಹೆಡ್‌ಫೋನ್ ಬೇಕೇ ಬೇಕು. ಆದರೆ ಸಾಮಾನ್ಯ ಬ್ಲೂಟೂತ್ ಹೆಡ್‌ಫೋನ್ ಬೇಡ. ಅದರಲ್ಲಿ ಸದ್ದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತಲೂ ತಡವಾಗಿ ಬರಬಹುದು. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಕಾಯಿಲ್ ಬೀಸುತ್ತಿದ್ದರೆ, ದನಿ ಕೇಳುವಷ್ಟರಲ್ಲಿ ನೀವು ಉಂಗುರ ದಾಟಿ 10 ಸೆಂಟಿಮೀಟರ್ ಮುಂದೆ ಇರುತ್ತೀರಿ. ತಂತಿಯ ಹೆಡ್‌ಫೋನೇ ವಾಸಿ.

ಹುಡುಕಲು ಹೊರಡುವ ಮುಂಚೆ ಮನೆಯ ಒಂದು ಉಂಗುರಕ್ಕೆ ಉದ್ದದ ನೂಲು ಕಟ್ಟಿ, ಒದ್ದೆ ಮರಳಿನಲ್ಲಿ ಗೇಣುದ್ದ ಆಳಕ್ಕೆ ಹೂತು, ಪಕ್ಕದಲ್ಲಿ ಒಂದು ಮೊಳೆ ಇಟ್ಟು ಕಾಯಿಲ್ ಆಡಿಸಿ. ನೂಲಿನ ತುದಿ ಕೈಯಲ್ಲೇ ಇರಲಿ. ಎರಡು ದನಿ ಬೇರೆಬೇರೆಯಾಗಿ ಕೇಳದಿದ್ದರೆ ಕಬ್ಬಿಣದ ಸಾಲಿನ ಗಡಿಯನ್ನು (ಪರದೆಯ ಯಾವ ಅಂಕಿಯವರೆಗೆ ಯಂತ್ರ ಕಬ್ಬಿಣದ ದನಿ ಕೊಡಬೇಕು ಎಂಬುದನ್ನು) ಒಂದೊಂದೇ ಅಂಕಿ ಇಳಿಸಿ, ಮತ್ತೆ ಬೀಸಿ ನೋಡಿ.