ಮಂಡಿಯನ್ನು ಮೊಬೈಲಿಗೆ ತೋರಿಸುವುದು

ಕಬಡ್ಡಿ ಆಡುವಾಗ ಕಾಲು ತಿರುಚಿ ಮಂಡಿಯೊಳಗಿನ ಲಿಗಮೆಂಟ್, ಅಂದರೆ ಮೂಳೆಗಳನ್ನು ಹಿಡಿದಿಡುವ ಗಟ್ಟಿ ಪಟ್ಟಿ, ಹರಿಯಿತು ಅಂದುಕೊಳ್ಳಿ. ಊತ ಇಳಿಯುತ್ತದೆ, ಓಡಾಟ ಶುರುವಾಗುತ್ತದೆ. ಆದರೆ ಇಂಥ ಪೆಟ್ಟು ತಿಂದವರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಎಕ್ಸ್‌ರೇಯಲ್ಲಿ 10ರಿಂದ 20 ವರ್ಷಗಳಲ್ಲಿ ಕೀಲು ಸವೆತ ಕಾಣಿಸುತ್ತದೆ. ಮೂವತ್ತೈದಕ್ಕೇ ಅಜ್ಜಿಯ ಮಂಡಿ!

ಮೂಳೆಯ ತುದಿಗೆ ಹೊದಿಕೆಯಂತಿರುವ ಮೃದು ಎಲುಬಿಗೆ ರಕ್ತನಾಳಗಳಿಲ್ಲ. ಕೀಲಿನ ದ್ರವವೇ ಅದಕ್ಕೆ ಊಟ. ಭಾರ ಬಿದ್ದಾಗ ಸ್ಪಂಜಿನ ಹಾಗೆ ಹಿಂಡಿಕೊಂಡು, ಭಾರ ಇಳಿದಾಗ ಮತ್ತೆ ಹೀರಿಕೊಳ್ಳುತ್ತದೆ. ಇತ್ತ ಪೆಟ್ಟಾದ ಮಂಡಿಯಿಂದ ಹೋಗುವ ಸಂಕೇತಗಳು ತೊಡೆಯ ಮುಂಭಾಗದ ಸ್ನಾಯುವಿನ ಕೆಲಸವನ್ನೇ ತಗ್ಗಿಸುತ್ತವೆ. ಸ್ನಾಯು ಸೊರಗಿದರೆ ಕೀಲಿಗೆ ಆಸರೆ ಇಲ್ಲ. ನೋವು ಅಂತ ಸುಮ್ನೆ ಕೂತರೆ ಇನ್ನೂ ಸೊರಗುತ್ತದೆ. ಹಾಗಾಗಿ ಇಲ್ಲಿ ಮುಖ್ಯ ಔಷಧಿ ಎಂದರೆ ವ್ಯಾಯಾಮ. ಅದನ್ನು ಕಲಿಸಬೇಕು, ತಪ್ಪು ತಿದ್ದಬೇಕು, ಬಿಡದೆ ಮಾಡಿಸಬೇಕು. ಇದಕ್ಕೆಲ್ಲ ಚಿಕಿತ್ಸಕರು ಮಂಡಿ ಮುಟ್ಟಲೇಬೇಕು ಅಂತೇನಿಲ್ಲ, ವಿಡಿಯೋ ಕರೆಯಲ್ಲೂ ಮಾಡಬಹುದು ಅಲ್ವಾ?

ಆಸ್ಟ್ರೇಲಿಯಾದಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷಿಸಿದರು. ಬಹುಕಾಲದಿಂದ ಮಂಡಿನೋವಿದ್ದ 394 ಜನರಲ್ಲಿ ಕೆಲವರು ಫಿಸಿಯೋಥೆರಪಿಸ್ಟ್ (ವ್ಯಾಯಾಮ ಮಾಡಿಸುವ ಚಿಕಿತ್ಸಕರು) ಬಳಿಗೇ ಹೋದರು, ಉಳಿದವರು ವಿಡಿಯೋ ಕರೆಯಲ್ಲಿ ಮಾತಾಡಿದರು. ಮೂರು ತಿಂಗಳಲ್ಲಿ ಐದು ಭೇಟಿ. 2024ರಲ್ಲಿ ಬಂದ ಫಲಿತಾಂಶದ ಪ್ರಕಾರ ನೋವಿನಲ್ಲಾಗಲಿ, ಓಡಾಟದಲ್ಲಾಗಲಿ ವಿಡಿಯೋದವರು ಹಿಂದೆ ಬೀಳಲಿಲ್ಲ. ಇವರೆಲ್ಲ ಪೆಟ್ಟು ತಿಂದವರೇ ಅಲ್ಲ, ನಿಜ. ಆದರೂ ಸವೆದ ಮಂಡಿಗೆ ಬೇಕಾದ ವ್ಯಾಯಾಮ ಹೆಚ್ಚೂಕಡಿಮೆ ಒಂದೇ.

ತೂಕದ ಮಾತೂ ಫೋನಿನಲ್ಲೇ ಆಗಬಹುದು. ಮೈಯಿಂದ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋ ಹೊರೆ ಕಡಿಮೆ.

ಆದರೆ ಲಿಗಮೆಂಟ್ ಎಷ್ಟು ಸಡಿಲವಾಗಿದೆ ಅಂತ ನೋಡಲು ಕಾಲು ಹಿಡಿದು ಎಳೆದೇ ನೋಡಬೇಕು. ಮಂಡಿ ಕೆಂಪಾಗಿ ಬಿಸಿಯಾಗಿ ಊದಿದ್ದರೆ, ಜ್ವರ ಬಂದಿದ್ದರೆ, ಮಡಚಿದ್ದು ಸಿಕ್ಕಿಹಾಕಿಕೊಂಡರೆ, ಮೀನಖಂಡ ಊದಿ ನೋಯುತ್ತಿದ್ದರೆ ವಿಡಿಯೋ ಬಿಟ್ಟು ಆಸ್ಪತ್ರೆಗೆ ಹೋಗಿ.

ಕರೆಗೆ ಕೂರುವ ಮುನ್ನ ಬಟ್ಟೆಯನ್ನು ಮಂಡಿಯ ಮೇಲಕ್ಕೆ ಮಡಚಿ. ಫೋನನ್ನು ಸ್ಟೂಲಿನ ಮೇಲೆ ಸೊಂಟದ ಎತ್ತರಕ್ಕೆ ಒರಗಿಸಿ, ಪಾದದವರೆಗೂ ಕಾಣಬೇಕು. ಕೈಯಾಸರೆ ಇಲ್ಲದೆ 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರುತ್ತೀರಿ ಅಂತ ಎಣಿಸಿ ಬರೆದಿಡಿ. ಮುಂದಿನ ಕರೆಯಲ್ಲಿ ಹೋಲಿಸಲು ಅದು ಬೇಕಾಗುತ್ತದೆ. ಚೆನ್ನಾಗಿರುವ ಮಂಡಿಯನ್ನೂ ತೋರಿಸಿ. ಊತ ಎಷ್ಟಿದೆ ಅಂತ ಗೊತ್ತಾಗುವುದು ಅದನ್ನು ಪಕ್ಕದಲ್ಲಿಟ್ಟು ನೋಡಿದಾಗಲೇ.